ಟಿಡಿಎಸ್ ಮೀಟರಿಗೆ ಕಾಣದ ಲವಣ

ಮಾನ್ಯ ಸಂಪಾದಕರೇ,

ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ಕಡೆ ಕೊಳವೆಬಾವಿಯ ನೀರು ಕುಡಿಯಲು ಯೋಗ್ಯವೇ ಎಂಬ ಪ್ರಶ್ನೆ ಬಂದಾಗಲೆಲ್ಲ, ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣಾಂಶ) ಮೀಟರನ್ನು ಲೋಟದ ನೀರಿಗೆ ಅದ್ದಿ, ಅದರಲ್ಲಿ ಮೂಡುವ ಅಂಕಿಯನ್ನೇ ಕೊನೆಯ ಮಾತೆಂದು ಒಪ್ಪಿಕೊಳ್ಳುವ ರೂಢಿ ಬೆಳೆದಿದೆ. ಮನೆಗೆ ಫಿಲ್ಟರ್ ಮಾರಲು ಬರುವವರು ತೋರಿಸುವುದೂ ಇದನ್ನೇ. ಆದರೆ ಈ ಮೀಟರು ಲವಣವನ್ನು ತೂಗುವುದಿಲ್ಲ; ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು, ಅದನ್ನು ಸಾಮಾನ್ಯವಾಗಿ 0.5ರಿಂದ 0.7ರೊಳಗಿನ ಒಂದು ನಿಗದಿತ ಸಂಖ್ಯೆಯಿಂದ ಗುಣಿಸಿ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ತೋರಿಸುತ್ತದೆ.

ಅಡುಗೆ ಉಪ್ಪಿನ ನೀರಿಗೆ ಈ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಅದು ಕರಗಿದಾಗ ಬಿಡುವ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳ (ವಿದ್ಯುದಾವೇಶವಿರುವ ಕಣಗಳ) ಮೇಲಿರುವುದು ಒಂದೊಂದೇ ಆವೇಶ. ನೀರು ಅವುಗಳ ಸೆಳೆತವನ್ನು ಸುಮಾರು 78 ಪಟ್ಟು ತಗ್ಗಿಸುವುದರಿಂದ ಅವು ಬಹುಮಟ್ಟಿಗೆ ಬಿಡಿಬಿಡಿಯಾಗಿಯೇ ಚಲಿಸುತ್ತವೆ. ನಮ್ಮ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳಿಗೆ ಸಲ್ಫೇಟ್ ಎದುರಾದಾಗ ಹಾಗಾಗುವುದಿಲ್ಲ. ಎರಡೂ ಕಡೆ ಎರಡೆರಡು ಆವೇಶವಿದ್ದು ಸೆಳೆತ ನಾಲ್ಕು ಪಟ್ಟಾಗುವುದರಿಂದ, ಅವುಗಳಲ್ಲಿ ಒಂದು ಪಾಲು, ಎಷ್ಟೋ ಸಲ ನಡುವೆ ನೀರಿನ ಅಣುಗಳನ್ನು ಇಟ್ಟುಕೊಂಡೇ, ಜೋಡಿಯಾಗಿ ಉಳಿಯುತ್ತದೆ. ಜೋಡಿಯ ಒಟ್ಟು ಆವೇಶ ಸೊನ್ನೆಯಾದ್ದರಿಂದ ಅದು ವಿದ್ಯುತ್ತನ್ನು ಒಯ್ಯುವುದಿಲ್ಲ. ಲವಣ ನೀರಿನಲ್ಲೇ ಇರುತ್ತದೆ, ಮೀಟರಿಗೆ ಮಾತ್ರ ಕಾಣುವುದಿಲ್ಲ. ಡೆನ್ಮಾರ್ಕಿನ ನೀಲ್ಸ್ ಬ್ಯೆರಮ್ 1926ರಲ್ಲಿಯೇ ಇದಕ್ಕೆ ಸಿದ್ಧಾಂತ ಕಟ್ಟಿಕೊಟ್ಟರು. ಅದಕ್ಕೂ ಮೊದಲು, 1918ರಲ್ಲಿ, ದ್ರಾವಣದಲ್ಲಿ ಅಯಾನುಗಳು ಪರಸ್ಪರ ಸೆಳೆತಕ್ಕೆ ಒಳಗಾಗಿಯೇ ಇರುತ್ತವೆ ಎಂಬ ನೆಲೆಯಿಂದ ವಾಹಕತೆಯನ್ನು ವಿವರಿಸಲು ಹೊರಟವರು, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದ ಜ್ಞಾನಚಂದ್ರ ಘೋಷ್. ಅವರ ಸೂತ್ರಗಳು ಬಳಿಕ ಹಿಂದೆ ಸರಿದರೂ ಅವರು ಕೇಳಿದ ಪ್ರಶ್ನೆ ನಮ್ಮ ತರಗತಿಗಳಿಗೆ ಬರಬೇಕಾದದ್ದೇ.

ಅಂತರ ಎಷ್ಟು ದೊಡ್ಡದೆಂಬುದಕ್ಕೆ ರೈತರು ಜಮೀನಿಗೆ ಹಾಕುವ ಜಿಪ್ಸಂ ಸಾಕು. ಶುದ್ಧ ನೀರಿನಲ್ಲಿ ಅದು ಕರಗುವಷ್ಟೂ ಕರಗಿದಾಗ ಲೀಟರಿಗೆ ಸುಮಾರು 2,100 ಮಿಲಿಗ್ರಾಂ ಕ್ಯಾಲ್ಸಿಯಂ ಸಲ್ಫೇಟ್ ಸೇರಿರುತ್ತದೆ. ಅಯಾನುಗಳೆಲ್ಲ ಒಂದರ ಹಂಗು ಇನ್ನೊಂದಕ್ಕಿಲ್ಲದೆ ಚಲಿಸಿದ್ದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಾಹಕತೆ ಸೆಂಟಿಮೀಟರಿಗೆ 4,200 ಮೈಕ್ರೊಸೀಮೆನ್ಸ್ ಮುಟ್ಟಬೇಕಿತ್ತು. ಅಳೆದರೆ ಸಿಗುವುದು ಸುಮಾರು 2,200. ಕ್ಯಾಲ್ಸಿಯಂನ ಮೂರನೆಯ ಒಂದರಷ್ಟು ಪಾಲು ಜೋಡಿಯಾಗಿರುವುದು ಇದಕ್ಕೊಂದು ಕಾರಣ. ಬಿಡಿಯಾಗಿ ಉಳಿದ ಅಯಾನುಗಳೂ ಒಂದನ್ನೊಂದು ತಡೆಯುವುದು ಇನ್ನೊಂದು. 0.5ರಿಂದ ಗುಣಿಸುವ ಮೀಟರು ಈ ನೀರಿಗೆ 1,100 ಎಂದು ತೋರಿಸುತ್ತದೆ. ಬೇರೆ ನೀರಿನ ಮೂಲ ಇಲ್ಲದಿದ್ದಾಗ ಭಾರತೀಯ ಮಾನಕ ಬ್ಯೂರೊ ಒಪ್ಪುವ 2,000ದ ಮಿತಿಯನ್ನು ದಾಟಿದ ನೀರು, ಮೀಟರಿನ ಪ್ರಕಾರ ಅದರ ಅರ್ಧದಷ್ಟರಲ್ಲೇ ಇರುತ್ತದೆ! ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತದ (ತಾಮ್ರದ ಸಲ್ಫೇಟಿನ) ಕಥೆಯೂ ಇದೇ: ಎರಡರಲ್ಲೂ ಆವೇಶದ ಪ್ರಮಾಣ ಒಂದೇ ಇರುವ 0.1 ನಾರ್ಮಲ್ ದ್ರಾವಣದಲ್ಲಿ ಅಡುಗೆ ಉಪ್ಪು, ಅಯಾನುಗಳೆಲ್ಲ ಬಿಡಿಯಾಗಿದ್ದರೆ ಸಿಗುವ ತನ್ನ ಗರಿಷ್ಠ ವಾಹಕತೆಯ ಶೇ 84ರಷ್ಟನ್ನು ಉಳಿಸಿಕೊಂಡರೆ, ಮೈಲುತುತ್ತ ಉಳಿಸಿಕೊಳ್ಳುವುದು ಶೇ 38ರಷ್ಟನ್ನು ಮಾತ್ರ. ಚಿತ್ರದುರ್ಗದ ಬಳಿಯ ಇಂಗಳದಾಳಿನಂತೆ ಗಂಧಕ ಬೆರೆತ ಅದಿರಿರುವ ನೆಲದಲ್ಲಿ ನೀರಿಗೆ ಸಲ್ಫೇಟ್ ಸೇರುವ ಸಾಧ್ಯತೆ ಹೆಚ್ಚಾದ್ದರಿಂದ ಈ ಮಾತನ್ನು ಇಲ್ಲಿ ಎತ್ತುತ್ತಿದ್ದೇನೆ.

ಫ್ಲೋರೈಡಿನ ವಿಷಯದಲ್ಲಂತೂ ಮೀಟರು ಪೂರ್ತಿ ಕುರುಡು. ಗರಿಷ್ಠ ಮಿತಿಯಾದ 1.5 ಮಿಲಿಗ್ರಾಂ ಫ್ಲೋರೈಡ್ ಒಂದು ಲೀಟರ್ ನೀರಿನ ವಾಹಕತೆಗೆ ಸೇರಿಸುವುದು 4ರಿಂದ 5 ಮೈಕ್ರೊಸೀಮೆನ್ಸ್ ಮಾತ್ರ. ಸಾವಿರದ ಆಸುಪಾಸಿನ ಅಂಕಿಯಲ್ಲಿ ಅದನ್ನು ಗುರುತಿಸುವುದು ಸಾಧ್ಯವೇ ಇಲ್ಲ. ಫ್ಲೋರೈಡ್ ಹೆಚ್ಚಾಗಿ ಹಲ್ಲು ಕಂದಿದ ಮಕ್ಕಳಿರುವ ಊರುಗಳಲ್ಲಿ ಟಿಡಿಎಸ್ ಕಡಿಮೆ ಇದೆ ಎಂದು ಸಮಾಧಾನಪಟ್ಟುಕೊಳ್ಳುವುದು ಅಪಾಯಕಾರಿ.

ಆದ್ದರಿಂದ ಜಿಲ್ಲಾ ಪಂಚಾಯಿತಿಯವರು ಶುದ್ಧ ನೀರಿನ ಘಟಕಗಳ ಫಲಕಗಳಲ್ಲಿ ವಾಹಕತೆಯನ್ನು ಯಾವುದರಿಂದಲೂ ಗುಣಿಸದೆ ಮೈಕ್ರೊಸೀಮೆನ್ಸ್‌ನಲ್ಲಿಯೇ ಬರೆಸಬೇಕು. ಅದರ ಪಕ್ಕದಲ್ಲಿ ಫ್ಲೋರೈಡ್, ಸಲ್ಫೇಟ್ ಮತ್ತು ಗಡಸುತನದ ಪ್ರಮಾಣಗಳನ್ನು ಪರೀಕ್ಷೆಯ ದಿನಾಂಕದೊಂದಿಗೆ ನಮೂದಿಸಬೇಕು. ಬೇಸಿಗೆಯಲ್ಲೊಮ್ಮೆ, ಮಳೆಗಾಲದ ನಂತರ ಒಮ್ಮೆ, ಮೂಲ ಕೊಳವೆಬಾವಿಯ ನೀರನ್ನು ಸೋಸಿ, ಆವಿಮಾಡಿ, 180 ಡಿಗ್ರಿಯಲ್ಲಿ ಒಣಗಿಸಿ, ಉಳಿದ ಲವಣವನ್ನು ಪ್ರಯೋಗಾಲಯದಲ್ಲಿ ತೂಗಿಸಬೇಕು ಎಂದು ಕೋರುತ್ತೇನೆ.

— ರಸಾಯನಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ