ಮಗಳಿಗೊಂದು ಪತ್ರ: ಮಾತ್ರೆಗಿಂತ ಮೊದಲು ಆ ಸ್ಪ್ರೇಯರ್

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ಅಳು ನುಂಗಿಕೊಂಡು ಮಾತಾಡಿದ್ದು ನನಗೆ ಗೊತ್ತಾಯಿತು. ಅಪ್ಪ ಪಕ್ಕದಲ್ಲೇ ಇದ್ದರು, ಜಾಸ್ತಿ ಕೇಳಲಿಲ್ಲ. ಬರೆದರೆ ಬಿಡಿಸಿ ಹೇಳಬಹುದು ಅಂತ ಕೂತಿದ್ದೇನೆ.

ಅಳಿಯಂದಿರ ರಿಪೋರ್ಟಿನಲ್ಲಿ ವೀರ್ಯಾಣು ಕಡಿಮೆ, ಇರುವುದರಲ್ಲೂ ಚುರುಕಾಗಿ ಓಡುವಂಥವು ಕಡಿಮೆ ಅಂದೆ. ನೀನು ವಿಟಮಿನ್ ಸಿ, ಇ ಮಾತ್ರೆ ತಂದಿಟ್ಟಿದ್ದೀಯ. ಆದರೆ ಕಳೆದ ತಿಂಗಳು ಅಲ್ಲಿಗೆ ಬಂದಾಗ ಕಂಡದ್ದೊಂದು ನನ್ನ ಕಣ್ಣಿಂದ ಹೋಗಿಲ್ಲ. ಅಲಸಂಡೆಗೆ ಕೀಟದ ಮದ್ದು ಬಿಟ್ಟು ಬಂದ ಅಳಿಯಂದಿರ ಬೆನ್ನು ಒದ್ದೆಯಾಗಿತ್ತು. ಬೆವರು ಅಂದುಕೊಂಡೆ. ಹತ್ತಿರ ಬಂದಾಗ ಮದ್ದಿನ ವಾಸನೆ. ಸ್ಪ್ರೇಯರಿನ ಮುಚ್ಚಳದ ವಾಶರ್ ಹೋಗಿ ಸೋರುತ್ತಿತ್ತು. ಅಂಗಿಯಿಂದ ಇಳಿದು ಲುಂಗಿಯ ಕಟ್ಟಿನವರೆಗೂ ನೆನೆದಿತ್ತು. ಅದೇ ಲುಂಗಿಯಲ್ಲಿ ಕೂತು ಚಾ ಕುಡಿದರು. ಮೈಯ ಚರ್ಮವೆಲ್ಲ ಒಂದೇ ಥರ ಅಲ್ಲ ಪುಟ್ಟಿ. ವೃಷಣದ ಚರ್ಮ ಮುಂಗೈಯ ಚರ್ಮಕ್ಕಿಂತ ಎಷ್ಟೋ ಪಾಲು ಜಾಸ್ತಿ ಹೀರಿಕೊಳ್ಳುತ್ತದೆ.

ಆ ವಾಸನೆ ಬಂದರೆ ನನಗೆ ಹೊಟ್ಟೆ ತೊಳಸುತ್ತದೆ. ನಾನು ಮದುವೆಯಾಗಿ ಕಾಸರಗೋಡಿನ ಈ ಎಣ್ಮಕಜೆಗೆ ಬಂದ ಹೊಸತರಲ್ಲಿ ಗೇರುಗುಡ್ಡೆಯ ಮೇಲೆ ಹೆಲಿಕಾಪ್ಟರ್ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿತ್ತು. ಬಾವಿಗೆ ತೆಂಗಿನ ಮಡಲು ಮುಚ್ಚಿ ಒಳಗೆ ಕೂರುತ್ತಿದ್ದೆವು. ಮಡಲಿನ ಸಂದಿಯಲ್ಲಿ ಮದ್ದು ಇಳಿಯುವುದಿಲ್ಲವೇ? ಅದು ನಿಂತದ್ದು 2000ದಲ್ಲಿ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಇಲ್ಲಿಯ 117 ಹುಡುಗರನ್ನು, ಮದ್ದು ಬೀಳದ ಊರಿನ 90 ಹುಡುಗರನ್ನು ಪರೀಕ್ಷಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಇಲ್ಲಿಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿತ್ತು, ಗಂಡು ಹಾರ್ಮೋನ್ ಟೆಸ್ಟೊಸ್ಟೆರಾನ್ ಕಡಿಮೆಯಿತ್ತು. ಆ ವಯಸ್ಸಿನ ಮಕ್ಕಳು ನಾನು ಪಾಠ ಮಾಡುತ್ತಿದ್ದ ಕ್ಲಾಸಿನ ಬೆಂಚಿನಲ್ಲೂ ಕೂತಿದ್ದರು. ಅದಕ್ಕೇ ನನಗೆ ಇದು ಸುಮ್ನೆ ಓದಿದ ವಿಷಯವಲ್ಲ.

ಇನ್ನು ವಿಟಮಿನ್ ವಿಚಾರ. ವೀರ್ಯಾಣುವಿನ ಹೊರಪೊರೆಯಲ್ಲಿ ಬೇಗ ಕೆಡುವ ಜಾತಿಯ ಕೊಬ್ಬು ಜಾಸ್ತಿ. ಮುಚ್ಚಳ ತೆರೆದಿಟ್ಟ ನೆಲಗಡಲೆ ಎಣ್ಣೆ ಕಮಟಾಗುವುದಿಲ್ಲವೇ, ಹಾಗೆಯೇ ಆ ಪೊರೆಯೂ ಕೆಡುತ್ತದೆ. ಹಲವು ಕೀಟನಾಶಕಗಳು ಅದನ್ನು ಜಾಸ್ತಿ ಮಾಡುತ್ತವೆ. ವಿಟಮಿನ್ ಇ ಪೊರೆಯೊಳಗೇ ಇದ್ದು ತಡೆಯುತ್ತದೆ. ತಡೆಯುತ್ತಾ ತಾನೇ ಸವೆದಾಗ ವಿಟಮಿನ್ ಸಿ ಅದನ್ನು ಮತ್ತೆ ಕೆಲಸಕ್ಕೆ ಎಬ್ಬಿಸುತ್ತದೆ. ಇಲಿಗಳಿಗೆ ಕೀಟನಾಶಕದ ಜೊತೆ ಇವನ್ನೂ ಕೊಟ್ಟು ನೋಡಿದಾಗ ಹಾನಿ ಕಡಿಮೆಯಾಗಿದೆ. ಆದರೆ ಮನುಷ್ಯರ ಲೆಕ್ಕ ಬೇರೆ. 2020ರಲ್ಲಿ ಅಮೆರಿಕದಲ್ಲಿ, ಮಕ್ಕಳಾಗದ ದಂಪತಿಗಳಲ್ಲಿ ಗಂಡಸರಿಗೆ ಸಿ, ಇ, ಸತು, ಸೆಲೆನಿಯಮ್ ಎಲ್ಲ ಸೇರಿಸಿ ತಿಂಗಳುಗಟ್ಟಲೆ ಕೊಟ್ಟು ನೋಡಿದರು. ವೀರ್ಯವೂ ಸುಧಾರಿಸಲಿಲ್ಲ, ಗರ್ಭ ನಿಲ್ಲುವುದೂ ಹೆಚ್ಚಾಗಲಿಲ್ಲ. ಅವರು ಮದ್ದು ಬಿಡುವವರು ಅಂತಲ್ಲ, ನಿಜ. ಆದರೂ ಬೆನ್ನ ಮೇಲೆ ಮದ್ದು ಸೋರುತ್ತಿರುವಾಗ ಮಾತ್ರೆ ಕಾಯುತ್ತದೆ ಅಂತ ನಂಬಬೇಡ. ವಿಟಮಿನ್ ಇ 400 ಯೂನಿಟ್ಟಿನದನ್ನು ಡಾಕ್ಟರಿಗೆ ಹೇಳದೆ ವರ್ಷಗಟ್ಟಲೆ ಕೊಡಲೂ ಬೇಡ. ಐವತ್ತು ದಾಟಿದ ಗಂಡಸರಲ್ಲಿ ಅದರಿಂದ ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಾದದ್ದು 2011ರಲ್ಲಿ ಗೊತ್ತಾಗಿದೆ. ಪೇರಳೆ, ನೆಲ್ಲಿಕಾಯಿ, ಒಂದು ಹಿಡಿ ನೆಲಗಡಲೆ, ಇವು ಸಾಕು. ನೆಲ್ಲಿಕಾಯಿ ಬೇಯಿಸಬೇಡ, ಹಸಿಯದನ್ನೇ ಅರೆದು ತಂಬುಳಿ ಮಾಡು.

ಮದ್ದಿನ ಬಾಟಲಿಯ ಲೇಬಲ್ಲನ್ನು ಡಾಕ್ಟರಿಗೆ ತೋರಿಸಿ. ವೆರಿಕೋಸೀಲ್, ಅಂದರೆ ವೃಷಣದ ಮೇಲಿನ ರಕ್ತನಾಳ ಉಬ್ಬಿಕೊಳ್ಳುವ ತೊಂದರೆ, ಇದೆಯಾ ಅಂತಲೂ ನೋಡಲಿ, ಎಲ್ಲವನ್ನೂ ಮದ್ದಿನ ತಲೆಗೇ ಕಟ್ಟುವುದು ಬೇಡ. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಅಷ್ಟು ದಿನ ಅವರು ಮದ್ದು ಮುಟ್ಟದೆ ಇರಲಿ, ಆಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಅಲಸಂಡೆಗೆ ಗಿಡಹೇನು ಬಂದರೆ ಬೇವಿನೆಣ್ಣೆ ಸಾಬೂನು ನೀರು ಬಿಡಬಹುದು. ಬೆಳೆ ಸ್ವಲ್ಪ ಹೋದರೆ ಹೋಗಲಿ. ಅದನ್ನು ಬಿಡುವಾಗಲೂ ಉದ್ದ ತೋಳಿನ ಅಂಗಿ, ಕೈಗವಸು ಇರಲಿ, ಬಂದ ಕೂಡಲೇ ಸ್ನಾನ. ಇಷ್ಟರವರೆಗಿನ ಮದ್ದಿನ ಬಟ್ಟೆಯನ್ನು ಬೇರೆಯಾಗಿ ಒಗೆ, ಬರಿಗೈಯಲ್ಲಿ ಮುಟ್ಟಬೇಡ.

"ವಿಶೇಷ ಏನೂ ಇಲ್ವಾ" ಅಂತ ಕೇಳುವವರಿಗೆ ನೀನು ಉತ್ತರ ಕೊಡಬೇಕಾಗಿಲ್ಲ. ಅಳಿಯಂದಿರ ಮುಖ ಸಣ್ಣದಾಗದಂತೆ ನೋಡಿಕೋ, ತೋಟದಲ್ಲಿ ದುಡಿದದ್ದು ತಪ್ಪಲ್ಲ.

ಭಾನುವಾರ ಅಪ್ಪ ಬರುತ್ತಾರೆ. ಹಿತ್ತಲಿನ ನೆಲ್ಲಿಕಾಯಿ ಒಂದು ಚೀಲ, ಸ್ಪ್ರೇಯರಿಗೆ ಹೊಸ ವಾಶರ್ ಕಳಿಸುತ್ತೇನೆ.

ನಿನ್ನ ಅಮ್ಮ