ಲಾರ್ಡ್ಸ್‌ಗೆ ಹೋಗುವ ಮುಂಚೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಟೆಸ್ಟ್ ಮ್ಯಾಚಿಗೆ ಟಿಕೆಟ್ ಸಿಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ಲಂಡನ್ನಿನ ಲಾರ್ಡ್ಸ್ ಕ್ರಿಕೆಟ್ ಮೈದಾನದಲ್ಲಿ ಟೆಸ್ಟ್ ಟಿಕೆಟ್ಟಿಗೆ ಹಿಂದಿನ ವರ್ಷವೇ ಬ್ಯಾಲೆಟ್ (ಚೀಟಿ ಎತ್ತಿದ ಹಾಗೆ ಆರಿಸುವುದು) ನಡೆಯುತ್ತದೆ, ಬೇಸಿಗೆ ಬಂದಮೇಲೆ ಹುಡುಕಿದರೆ ಸಿಗುವುದು ಕಷ್ಟ. ಮೊದಲ ಸಲ ನೋಡುವವರಿಗೆ ಟೆಸ್ಟಿಗಿಂತ ಮಿಡ್ಲ್‌ಸೆಕ್ಸ್ ತಂಡದ ನಾಲ್ಕು ದಿನದ ಕೌಂಟಿ ಪಂದ್ಯವೇ (ಇಂಗ್ಲೆಂಡಿನ ದೇಶೀ ಪಂದ್ಯ) ಒಳ್ಳೆಯದು. ಟಿಕೆಟ್ ಅಗ್ಗ, ಜನ ಕಡಿಮೆ. ತೆರೆದಿರುವ ಸ್ಟ್ಯಾಂಡ್‌ಗಳಲ್ಲಿ ಜಾಗ ಬದಲಿಸುತ್ತಾ ಕೂರಬಹುದು. ಈ ಮೈದಾನವನ್ನು ಒಂದೇ ಕುರ್ಚಿಯಿಂದ ನೋಡಿದರೆ ಅರ್ಧ ನೋಡಿದ ಹಾಗೆ.

ಅದಕ್ಕೆ ಕಾರಣ ಇಳಿಜಾರು. ಗ್ರ್ಯಾಂಡ್ ಸ್ಟ್ಯಾಂಡ್ ಕಡೆಯಿಂದ ಟ್ಯಾವರ್ನ್ ಸ್ಟ್ಯಾಂಡ್ ಕಡೆಗೆ ನೆಲ ಸುಮಾರು 2.5 ಮೀಟರ್ ಇಳಿಯುತ್ತದೆ. ಟಿವಿಯಲ್ಲಿ ಅದು ಸರಿಯಾಗಿ ಗೊತ್ತಾಗುವುದಿಲ್ಲ. ಮೌಂಡ್ ಸ್ಟ್ಯಾಂಡಿನಂಥ ಪಕ್ಕದ ಜಾಗದಲ್ಲಿ ಕೂತರೂ ಅಷ್ಟೇ, ಇಳಿಜಾರು ನೇರ ನಿನ್ನ ಕಡೆಗೇ ಬರುವುದರಿಂದ ಕಣ್ಣಿಗೆ ಸಮತಟ್ಟಾಗಿಯೇ ಕಾಣುತ್ತದೆ. ಬೌಲರ್ ಬೆನ್ನ ಹಿಂದೆ, ನರ್ಸರಿ ಎಂಡ್ ಅನ್ನುವ ತುದಿಯಲ್ಲಿ, ಆದಷ್ಟು ಕೆಳಗಿನ ಸಾಲಿನಲ್ಲಿ ಕೂರು. ಆಟಗಾರರ ಕಟ್ಟಡವಾದ ಪೆವಿಲಿಯನ್ ಎದುರಿಗಿರುತ್ತದೆ, ಬಲಗಡೆ ನೆಲ ಎತ್ತರ, ಎಡಗಡೆ ತಗ್ಗು. ಫೋನನ್ನು ಅಡ್ಡ ಹಿಡಿದು ಅದರ ಅಂಚನ್ನು ಆ ತುದಿಯ ಬೌಂಡರಿ ಗೆರೆಗೆ ಹೊಂದಿಸಿ ನೋಡು, ಗೆರೆ ಓರೆಯಾಗಿರುವುದು ತಟ್ಟನೆ ತಿಳಿಯುತ್ತದೆ.

ಆಮೇಲೆ ಚೆಂಡನ್ನು ಗಮನಿಸು. ಪೆವಿಲಿಯನ್ ಎಂಡ್‌ನಿಂದ ಹಾಕಿದ ಚೆಂಡು ಇಳಿಜಾರಿನ ಜೊತೆ ಬಲಗೈ ಬ್ಯಾಟರ್‌ನ ಒಳಕ್ಕೆ ಬರುತ್ತದೆ, ಪ್ಯಾಡಿಗೆ ಬಡಿಯುತ್ತದೆ. ನರ್ಸರಿ ಎಂಡ್‌ನಿಂದ ಹಾಕಿದ್ದು ಹೊರಕ್ಕೆ ಜಾರಿ ಸ್ಲಿಪ್ ಕಡೆ (ವಿಕೆಟ್‌ಕೀಪರ್ ಪಕ್ಕದ ಫೀಲ್ಡರ್‌ಗಳ ಕಡೆ) ಹೋಗುತ್ತದೆ. ಹೊಸಬರು ಎಡವುವುದು ಚೆಂಡು ತಿರುಗಿದಾಗಲ್ಲ, ತಿರುಗದೇ ಇದ್ದಾಗ. ಇಳಿಜಾರನ್ನು ಲೆಕ್ಕ ಹಾಕಿಕೊಂಡು ಬ್ಯಾಟ್ ಒಳಗಡೆ ತರುತ್ತಾರೆ, ಸೀಮ್ (ಚೆಂಡಿನ ಹೊಲಿಗೆ) ಮೇಲೆ ಬಿದ್ದ ಚೆಂಡು ನೇರ ಹೋಗಿ ಬ್ಯಾಟಿನ ಅಂಚು ಸವರುತ್ತದೆ. ಬೌಲರ್‌ಗಳಿಗೂ ಕಷ್ಟವೇ. ಪೆವಿಲಿಯನ್ ಎಂಡ್‌ನಿಂದ ಅಭ್ಯಾಸವಿಲ್ಲದವರ ಚೆಂಡು ಲೆಗ್ ಸ್ಟಂಪ್ ಆಚೆಗೆ ಹೋಗುತ್ತಲೇ ಇರುತ್ತದೆ. ಟ್ಯಾವರ್ನ್ ಕಡೆಗೆ ಮೆಲ್ಲಗೆ ತಳ್ಳಿದ ಚೆಂಡೂ ಬೌಂಡರಿ ಮುಟ್ಟುವುದನ್ನು, ಗ್ರ್ಯಾಂಡ್ ಸ್ಟ್ಯಾಂಡ್ ಕಡೆ ಹೊಡೆದದ್ದು ನಡುದಾರಿಯಲ್ಲೇ ಸುಸ್ತಾಗುವುದನ್ನು ನೋಡು. ಒಂದು ಗಂಟೆ ಇದನ್ನು ನೋಡಿದರೆ ಸಾಕು, ಇಲ್ಲಿ ಶತಕ ಹೊಡೆದವರ ಮೇಲೆ ಗೌರವ ಇನ್ನೂ ಹೆಚ್ಚುತ್ತದೆ.

ಇನ್ನು ಮೈದಾನದ ಒಳಗೆಲ್ಲ ತೋರಿಸುವ ಟೂರ್. ಅದಕ್ಕೆ ಬೇರೆ ದಿನ ಇಟ್ಟುಕೋ, ದೊಡ್ಡ ಪಂದ್ಯದ ದಿನಗಳಲ್ಲಿ ಟೂರ್ ಇರುವುದಿಲ್ಲ. ಜ್ಯೂಬಿಲಿ ಲೈನ್‌ನ ಸೇಂಟ್ ಜಾನ್ಸ್ ವುಡ್ ಸ್ಟೇಷನ್ನಿನಲ್ಲಿ ಇಳಿದು ವೆಲ್ಲಿಂಗ್‌ಟನ್ ರೋಡ್ ಹಿಡಿದು ದಕ್ಷಿಣಕ್ಕೆ ನಡೆದರೆ ಮೈದಾನ ಬಲಗಡೆ ಸಿಗುತ್ತದೆ. ಆದರೆ ಮೊದಲು ಬರುವುದು ನರ್ಸರಿ ಭಾಗ. ಮುಖ್ಯ ಬಾಗಿಲಾದ ಗ್ರೇಸ್ ಗೇಟ್ ಇರುವುದು ಸುತ್ತಿಕೊಂಡು ಹೋದರೆ ಸಿಗುವ ಸೇಂಟ್ ಜಾನ್ಸ್ ವುಡ್ ರೋಡಿನಲ್ಲಿ. ಟಿಕೆಟ್ಟಿನಲ್ಲಿ ಯಾವ ಗೇಟ್ ಅಂತ ನೋಡಿಕೊಂಡು ಕಾಲು ಗಂಟೆ ಮುಂಚೆಯೇ ಹೊರಡು.

ಮ್ಯೂಸಿಯಂನಲ್ಲಿ ಆ್ಯಷಸ್ ಪಾತ್ರೆ ಇದೆ. ಎತ್ತರ ಬರೀ 11 ಸೆಂಟಿಮೀಟರ್‌ನಷ್ಟು, ಅದಕ್ಕಾಗಿ ಇಂಗ್ಲೆಂಡ್, ಆಸ್ಟ್ರೇಲಿಯಾ ಎರಡೂ ಇಷ್ಟು ಕಾದಾಡುತ್ತವಲ್ಲ ಅನ್ನಿಸುತ್ತದೆ. 1936ರಲ್ಲಿ ಜಹಾಂಗೀರ್ ಖಾನ್ ಹಾಕಿದ ಚೆಂಡು ತಗಲಿ ಸತ್ತ ಗುಬ್ಬಚ್ಚಿಯನ್ನೂ ಚೆಂಡಿನ ಜೊತೆ ಇಟ್ಟಿದ್ದಾರೆ. ಅದೇ ಜಹಾಂಗೀರ್ 1932ರ ಜೂನ್ 25ರಂದು ಇದೇ ಮೈದಾನದಲ್ಲಿ ಶುರುವಾದ ಭಾರತದ ಮೊಟ್ಟಮೊದಲ ಟೆಸ್ಟಿನಲ್ಲಿ ಆಡಿದವರು. ವಿಶ್ವಕಪ್ ಗೆದ್ದದ್ದೂ ಇಲ್ಲೇ, ಜೂನ್ 25ರಂದೇ, 1983ರಲ್ಲಿ.

ನೀನು ತಪ್ಪದೇ ನಿಧಾನವಾಗಿ ನೋಡಬೇಕಾದದ್ದು ಪ್ರವಾಸಿ ತಂಡದ ಡ್ರೆಸ್ಸಿಂಗ್ ರೂಮಿನ ಗೌರವ ಫಲಕ. ಟೆಸ್ಟ್‌ನಲ್ಲಿ ಶತಕ ಹೊಡೆದವರ, ಇನಿಂಗ್ಸ್‌ಗೆ ಐದು ವಿಕೆಟ್ ತೆಗೆದವರ ಹೆಸರು ಅದರಲ್ಲಿರುತ್ತದೆ. ನಮ್ಮ ಕರ್ನಾಟಕದವರನ್ನು ಹುಡುಕು. 1967ರಲ್ಲಿ ಚಂದ್ರಶೇಖರ್, 127 ರನ್ ಕೊಟ್ಟು 5 ವಿಕೆಟ್. 1979ರಲ್ಲಿ ವಿಶ್ವನಾಥ್, 113. ಮೊದಲ ಇನಿಂಗ್ಸ್‌ನಲ್ಲಿ ಭಾರತ 96ಕ್ಕೆ ಮುದುರಿಕೊಂಡಿತ್ತು, ಎರಡನೆಯದರಲ್ಲಿ ವೆಂಗ್‌ಸರ್ಕಾರ್ ಜೊತೆ ನಿಂತು ಪಂದ್ಯ ಉಳಿಸಿದ ಇನಿಂಗ್ಸ್ ಅದು. 1996ರಲ್ಲಿ ವೆಂಕಟೇಶ್ ಪ್ರಸಾದ್, 76ಕ್ಕೆ 5. 2021ರಲ್ಲಿ ರಾಹುಲ್, 129. 2025ರಲ್ಲಿ ಮತ್ತೆ ರಾಹುಲ್, ಸರಿಯಾಗಿ 100. ದ್ರಾವಿಡ್ ಹೆಸರನ್ನು 1996ರಲ್ಲಿ ಹುಡುಕಬೇಡ. ಮೊದಲ ಟೆಸ್ಟಿನಲ್ಲೇ ಏಳನೆಯವರಾಗಿ ಇಳಿದು 95ಕ್ಕೆ ಔಟಾದರು, ಐದು ರನ್ ಸಾಲದೆ ಹೋಯಿತು. ಅವರ ಹೆಸರು ಬಂದದ್ದು 2011ರಲ್ಲಿ, ಔಟಾಗದೆ 103, ಹದಿನೈದು ವರ್ಷದ ಮೇಲೆ. ರೋಜರ್ ಬಿನ್ನಿ ಈ ಟೆಸ್ಟ್ ಫಲಕದಲ್ಲಿ ಇಲ್ಲ. ಆದರೆ 1983ರ ವಿಶ್ವಕಪ್‌ನಲ್ಲಿ 18 ವಿಕೆಟ್ ತೆಗೆದು ಎಲ್ಲರಿಗಿಂತ ಮುಂದಿದ್ದವರು ಅವರೇ, ಫೈನಲ್‌ನಲ್ಲಿ ಕ್ಲೈವ್ ಲಾಯ್ಡ್ ವಿಕೆಟ್ ಪಡೆದವರೂ ಅವರೇ. ವೆಸ್ಟ್ ಇಂಡೀಸ್‌ನ ಬ್ಯಾಕಸ್‌ನ ಕ್ಯಾಚನ್ನು ಕಿರ್ಮಾನಿ ಹಾರಿ ಹಿಡಿದದ್ದೂ ಅದೇ ಪಂದ್ಯದಲ್ಲಿ. ಕಪಿಲ್ ಕಪ್ ಎತ್ತಿದ ಬಾಲ್ಕನಿಯಲ್ಲಿ ನಿಂತಾಗ ಈ ಇಬ್ಬರನ್ನೂ ನೆನೆಸಿಕೋ.

ಪಂದ್ಯದ ದಿನ ಊಟ ಕಟ್ಟಿಕೊಂಡೇ ಹೋಗು, ಒಳಗೆ ಬಿಡುತ್ತಾರೆ. ಚಿತ್ರಾನ್ನ ಸಾಕು, ಮೊಸರನ್ನ ಬ್ಯಾಗಿನಲ್ಲಿ ಚೆಲ್ಲುತ್ತದೆ. ಆಟ ಶುರು ಹನ್ನೊಂದಕ್ಕೆ, ಊಟದ ವಿರಾಮ ಒಂದು ಗಂಟೆಗೆ. ಜೂನ್ ಆದರೂ ಮಾಡಿನ ನೆರಳಿನಲ್ಲಿ ಗಾಳಿ ಕೊರೆಯುತ್ತದೆ, ಸ್ವೆಟರ್ ಇರಲಿ. ಮಳೆ ಬಂತು ಅಂತ ಎದ್ದು ಬಂದುಬಿಡಬೇಡ. ಮೊದಲು ಅಲ್ಲಿ ಜೇಡಿಮಣ್ಣು ನೀರು ಹಿಡಿದುಕೊಳ್ಳುತ್ತಿತ್ತು. 2002ರಲ್ಲಿ ಅದನ್ನು ತೆಗೆದು ಮರಳು ಹಾಕಿ ಹುಲ್ಲು ಕೂರಿಸಿದ ಮೇಲೆ ನೀರು ಬೇಗ ಇಂಗುತ್ತದೆ, ಆಟ ಮತ್ತೆ ಶುರುವಾಗುತ್ತದೆ.

ಇನ್ನೊಂದು ದಿನ ಬಿಡುವಿದ್ದರೆ ಲಂಡನ್ನಿನ ಇನ್ನೊಂದು ಮೈದಾನ ಓವಲ್‌ಗೂ ಹೋಗು. ಸೇಂಟ್ ಜಾನ್ಸ್ ವುಡ್‌ನಿಂದ ಹೊರಟರೆ ಲಂಡನ್ ಬ್ರಿಡ್ಜ್‌ನಲ್ಲಿ ಇಳಿದು ನಾರ್ದರ್ನ್ ಲೈನ್ ಹಿಡಿ, ಓವಲ್ ಹೆಸರಿನ ಸ್ಟೇಷನ್ನೇ ಇದೆ. 1971ರ ಆಗಸ್ಟ್‌ನಲ್ಲಿ ಚಂದ್ರಶೇಖರ್ 38ಕ್ಕೆ 6 ವಿಕೆಟ್ ತೆಗೆದು ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವಿನ ದಾರಿ ಮಾಡಿಕೊಟ್ಟದ್ದು ಅಲ್ಲೇ.

ಫಲಕದ ಮುಂದೆ ಫೋಟೋ ತೆಗೆಯಲು ಬಿಟ್ಟರೆ ವಿಶ್ವನಾಥ್ ಹೆಸರಿರುವ ಸಾಲನ್ನು ಹತ್ತಿರದಿಂದ ತೆಗೆದು ಕಳಿಸು.

ಇಂತಿ ನಿನ್ನ
ಅಮ್ಮ