ಉಪ್ಪಿನಷ್ಟು ಮಂಜು

ಚಿ. ಮೇಘನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕೆನಡಾದ ವಿನ್ನಿಪೆಗ್‌ನ ಚಳಿ, ಬಾಡಿಗೆ, ಊಟದ ಸಂಗತಿ ಮನೆಯಲ್ಲಿ ಎಲ್ಲರಿಗೂ ಗೊತ್ತೇ ಇದೆ. ನನ್ನನ್ನು ಕಾಡುತ್ತಿರುವುದು ನಿನ್ನ ಪತ್ರದ ಒಂದೇ ಸಾಲು. ವಿಮಾನದ ರೆಕ್ಕೆಯ ಮೇಲೆ ಉಪ್ಪು ಉದುರಿಸಿದಷ್ಟು ಮಂಜು ಹೆಪ್ಪುಗಟ್ಟಿತ್ತು, ಒರೆಸುತ್ತಾ ಕುಳಿತರೆ ಜೊತೆಯವರು ಪುಕ್ಕಲಿ ಅಂದುಕೊಳ್ಳುತ್ತಾರೆಂದು ಹಾಗೆಯೇ ಹಾರಿದೆ ಎಂದು ಬರೆದು, ನೀನು ಮುಂದಿನ ಸುದ್ದಿಗೆ ಹೋಗಿದ್ದೀಯೆ. ನಾನು ಮೂರು ದಿನದಿಂದ ಅಲ್ಲೇ ನಿಂತಿದ್ದೇನೆ.

ಬಡಗಿಯ ಉಪ್ಪುಕಾಗದವನ್ನು ಮುಟ್ಟಿ ನೋಡಿದ್ದೀಯಲ್ಲ? ಅಷ್ಟು ಒರಟಾದ ಮಂಜು ಸಾಕು, ರೆಕ್ಕೆ ಎತ್ತುವ ಬಲ ಶೇ. 30ರಷ್ಟು ಕುಸಿಯಬಹುದು, ಗಾಳಿಯ ಎಳೆತ ಶೇ. 40ರವರೆಗೂ ಏರಬಹುದು. ಮಂಜು ಹತ್ತಿದ ರೆಕ್ಕೆಯಲ್ಲಿ ಮೇಲೇರುವುದನ್ನು ಕೆನಡಾದ ಕಾನೂನು ಒಪ್ಪುವುದಿಲ್ಲ. ಇದನ್ನೆಲ್ಲ ನೀನು ಪರೀಕ್ಷೆಯಲ್ಲಿ ಬರೆದು ಪಾಸಾದವಳು. ಅದಕ್ಕೇ ನನಗೆ ಮಂಜಿನ ಭಯಕ್ಕಿಂತ ನಿನ್ನ ಸಂಕೋಚದ ಭಯ ಹೆಚ್ಚು.

ಈ ಸಂಕೋಚ ನನಗೆ ಹಳೆಯ ಪರಿಚಯ. ನಾನು ಒಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಮೆಕ್ಯಾನಿಕ್ ಆಗಿದ್ದಾಗ ನಮ್ಮಲ್ಲಿ ಪುಷ್ಪಕ್ ಎಂಬ ಪುಟ್ಟ ವಿಮಾನ ಇತ್ತು. ಬಟ್ಟೆ ಹೊದಿಸಿದ ರೆಕ್ಕೆ, ಎರಡು ಸೀಟು. ಎಂಜಿನ್ನಿಗೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್‌ಗೆ ಬಿಸಿಗಾಳಿ ಬಿಡುವ ಕೇಬಲ್ ಸಡಿಲವಾಗಿದ್ದುದನ್ನು ಒಂದು ಡಿಸೆಂಬರ್ ಬೆಳಗ್ಗೆ ನೋಡಿದೆ. ಹಿರಿಯರು ಅವಸರದಲ್ಲಿದ್ದರು. ಬೆಂಗಳೂರಿನಲ್ಲಿ ಎಲ್ಲಿಯ ಹಿಮ, ಸಂಜೆ ಬಿಗಿದರಾಯಿತು ಎಂದುಕೊಂಡು ಬಾಯಿ ಮುಚ್ಚಿಕೊಂಡೆ. ಆದರೆ ಪೆಟ್ರೋಲ್ ಆವಿಯಾಗುವಾಗ ಕಾರ್ಬುರೇಟರ್ ಒಳಗಿನ ಗಾಳಿ 20 ಡಿಗ್ರಿಗೂ ಹೆಚ್ಚು ತಣಿಯಬಲ್ಲದು. ಹೊರಗೆ ತೇವ ತುಂಬಿದ ಹಿತವಾದ ಚಳಿ ಇದ್ದರೂ ಒಳಗೆ ಐಸ್ ಕಟ್ಟುತ್ತದೆ. ಅಂದು ಅದನ್ನು ಹಾರಿಸುತ್ತಿದ್ದ ಹುಡುಗ ಇಳಿಯಲೆಂದು ಥ್ರಾಟಲ್ ತಗ್ಗಿಸಿದಾಗ ಎಂಜಿನ್ ಕೆಮ್ಮಿ ನಿಂತಿತು. ಹುಡುಗ ರಾಗಿ ಕೊಯ್ದ ಹೊಲದಲ್ಲಿ ಇಳಿಸಿ ಕಾಲು ಮುರಿದುಕೊಂಡ. ನಾವು ಅಲ್ಲಿಗೆ ತಲುಪುವ ಹೊತ್ತಿಗೆ ಬಿಸಿಲೇರಿತ್ತು, ಐಸ್ ಕರಗಿ ಹೋಗಿತ್ತು. ಎಂಜಿನ್ ಒಂದೇ ತಿರುವಿಗೆ ಚಾಲೂ ಆಯಿತು! ತಪ್ಪು ಹುಡುಗನದೆಂದಾಯಿತು. ಆಗಲೂ ನಾನು ಮಾತಾಡಲಿಲ್ಲ. ಅವನು ಮತ್ತೆ ಹಾರಲಿಲ್ಲ. ನಿಮ್ಮ ದೊಡ್ಡಮ್ಮನಿಗೂ ಇದನ್ನು ಹೇಳಿದವನಲ್ಲ ನಾನು.

ಮಾತು ಎಲ್ಲೆಲ್ಲಿಗೋ ಹೋಯಿತು. ನಿನ್ನ ಈಗಿನ ವಿಮಾನಗಳನ್ನು ನಾನು ಮುಟ್ಟಿದವನಲ್ಲ, ಆದರೂ ಹೇಳಿಬಿಡುತ್ತೇನೆ, ನಗಬೇಡ. ರೆಕ್ಕೆಯನ್ನು ದೂರದಿಂದ ನೋಡಿ ಬಿಡಬೇಡ, ಕೈಗವಸು ತೆಗೆದು ಸವರಿ ನೋಡು. ಸಾಧ್ಯವಾದರೆ ರಾತ್ರಿ ಹ್ಯಾಂಗರ್‌ನಲ್ಲಿ ನಿಲ್ಲಿಸಲು ಕೇಳು. ಹೀಟರ್ ಹಾಕಿದಾಗ ತಲೆ ಭಾರವಾದರೆ ಚಳಿಯೆಂದು ಸುಮ್ಮನಿರಬೇಡ; ಆ ಬಿಸಿ ಬರುವುದು ಎಂಜಿನ್ನಿನ ಹೊಗೆ ಕೊಳವೆಯ ಮೈಯಿಂದ, ಅದು ಬಿರುಕು ಬಿಟ್ಟಿದ್ದರೆ ವಿಷಾನಿಲ ಒಳಗೆ ನುಗ್ಗಬಹುದು, ಅದಕ್ಕೆ ವಾಸನೆಯೂ ಇರುವುದಿಲ್ಲ. ಹೀಟರ್ ಆರಿಸಿ ಹೊರಗಿನ ಗಾಳಿ ಬಿಟ್ಟುಕೊಂಡು ಇಳಿದುಬಿಡು. ಇನ್ನೂ ಏನೋ ಹೇಳುವುದಿತ್ತು, ಮರೆತೆ.

ಆ ಬೆಳಗ್ಗೆ ನಿನ್ನನ್ನು ಯಾರಾದರೂ ನಿಜವಾಗಿ ಪುಕ್ಕಲಿ ಎಂದರೇ? ಅಥವಾ ಅನ್ನಬಹುದೆಂದು ನೀನೇ ಅಂದುಕೊಂಡೆಯಾ? ನನ್ನನ್ನಂತೂ ಅಂದು ಯಾರೂ ಏನೂ ಅಂದಿರಲಿಲ್ಲ.

ನಿಮ್ಮಪ್ಪನಿಗೆ ಆ ಸಾಲನ್ನು ತೋರಿಸಿಲ್ಲ. ಮುಂದಿನ ಪತ್ರದಲ್ಲಿ ಹಾರಿದ ಗಂಟೆಗಳ ಜೊತೆಗೆ, ಹಾರದೆ ಕೋಣೆಗೆ ಮರಳಿದ ಬೆಳಗುಗಳ ಲೆಕ್ಕವನ್ನೂ ಬರೆ.

ಇಂತಿ,
ನಿನ್ನ ದೊಡ್ಡಪ್ಪ